ಫರಸಿ ನೆಲದ ಮೇಲೆ ಜೂಡೊ: ಕಲಬುರಗಿಯ ಒಂದು ಹೊಸಬರ ಕ್ಲಾಸು

ಜೇವರ್ಗಿ ರಸ್ತೆ ಕಡೆಯ ಫಂಕ್ಷನ್ ಹಾಲ್ ಒಂದರಲ್ಲಿ ಸಂಜೆ ನಡೆಯುವ ಈ ಜೂಡೊ ಕ್ಲಾಸಿಗೆ ಮಕ್ಕಳನ್ನು ಸೇರಿಸುವವರು ಮೊದಲು ನೆಲ ನೋಡಬೇಕು. ಅಲ್ಲಿರುವುದು ಶಹಾಬಾದ್ ಫರಸಿ. ಬೇಸಿಗೆಗೆ ತಂಪು, ಒರೆಸಲು ಸುಲಭ. ಆದರೆ ಬಿದ್ದ ಪೆಟ್ಟನ್ನು ಈ ಕಲ್ಲು ಒಂದಿಷ್ಟೂ ಹೀರುವುದಿಲ್ಲ. ಹಾಲ್ ಬಾಡಿಗೆಯದು ಎಂಬುದು ಕೊರತೆಯಲ್ಲ. ಜಿಗೊರೊ ಕಾನೊ 1882ರಲ್ಲಿ ಜೂಡೊ ಶುರು ಮಾಡಿದ್ದೂ ಟೋಕಿಯೊದ ಬೌದ್ಧ ದೇವಾಲಯವೊಂದರಲ್ಲಿ, ಬರೀ 12 ಚಾಪೆಯ ಜಾಗದಲ್ಲಿ. ನೆಲಕ್ಕೆ ಹಾಸುವ ಮ್ಯಾಟ್ ಸರಿಯಿದೆಯೇ ಎಂಬುದಷ್ಟೇ ಮುಖ್ಯ.

ಇಲ್ಲಿ ಸರಿಯಿದೆ. ಮೀಟರ್ ಚೌಕದ 48 ಮ್ಯಾಟ್, ದಪ್ಪ 4 ಸೆಂ.ಮೀ. ಕರಾಟೆಗೆ ಬಳಸುವ 2 ಸೆಂ.ಮೀ. ಮ್ಯಾಟ್ ಒದೆತಕ್ಕೆ ಸಾಕು, ಎತ್ತಿ ಒಗೆಯುವುದಕ್ಕೆ ಸಾಲದು. ಹಾಸುವ ಮುಂಚೆ ನೆಲ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸುತ್ತಾರೆ. ನಮ್ಮೂರ ಧೂಳು ಕಲ್ಲಿನ ಮೇಲೆ ಉಳಿದರೆ ಮ್ಯಾಟ್ ಜಾರುತ್ತದೆ, ನಡುವೆ ಸಂದು ಬಿಡುತ್ತದೆ, ಆ ಸಂದಿಗೆ ಕಾಲ್ಬೆರಳು ಸಿಕ್ಕಿ ಉಳುಕುತ್ತದೆ. ಕಂಬಗಳಿಗೆ ಎದೆಯೆತ್ತರಕ್ಕೆ ಹಳೆ ಗಾದಿ ಸುತ್ತಿದ್ದಾರೆ. ಒಂದು ಬದಿಯ ಮ್ಯಾಟ್ ಮಾತ್ರ ಗೋಡೆಗೆ ತಾಗಿಕೊಂಡಿದೆ. ಅಲ್ಲಿ ಎರಡು ಮೀಟರಾದರೂ ಬಿಡಬೇಕು. ಇಷ್ಟು ಜಾಗದಲ್ಲಿ ಒಂದೇ ಹೊತ್ತಿಗೆ ಮೂರು ಜೋಡಿಗಿಂತ ಹೆಚ್ಚು ಒಗೆದಾಡಬಾರದು. ಕೆಲವು ಸಂಜೆ ಐದು ಜೋಡಿ ಬಿಡುತ್ತಾರೆ, ಆಗ ಒಬ್ಬರ ಮೇಲೆ ಒಬ್ಬರು ಬೀಳುತ್ತಾರೆ.

ಕ್ಲಾಸಿನ ನಿಜವಾದ ಬೆಲೆ ಮೊದಲ ತಿಂಗಳಲ್ಲಿದೆ. ಪಟ್ಟು ಕಲಿಸುವುದಿಲ್ಲ, ಬೀಳುವುದನ್ನು ಕಲಿಸುತ್ತಾರೆ. ಜಪಾನಿಯಲ್ಲಿ ಇದಕ್ಕೆ ಉಕೆಮಿ ಎನ್ನುತ್ತಾರೆ. ಮೊದಲು ಮಲಗಿಯೇ ಅಭ್ಯಾಸ, ಆಮೇಲೆ ಕುಕ್ಕರಗಾಲಲ್ಲಿ ಕೂತು, ಕೊನೆಗೆ ನಿಂತು. ಗದ್ದ ಎದೆಗೆ ಒತ್ತಿ ಕಣ್ಣು ಸೊಂಟಪಟ್ಟಿಯ ಗಂಟಿನ ಮೇಲಿರಬೇಕು, ಬೆನ್ನು ಬಿಲ್ಲಿನಂತೆ ಬಾಗಬೇಕು, ಬೆನ್ನು ನೆಲ ಮುಟ್ಟುವ ಗಳಿಗೆಗೇ ಎರಡೂ ಕೈ ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಅಂಗೈಯಿಂದ ಮೊಣಕೈವರೆಗೆ ಮ್ಯಾಟ್‌ಗೆ ಬಡಿಯಬೇಕು, ಉಸಿರು ಹೊರಗೆ. ಕೈ ಭುಜದ ಮಟ್ಟಕ್ಕೆ ಏರಿದರೆ ಭುಜಕ್ಕೆ ಪೆಟ್ಟು. ಹೆದರಿ ಕೈ ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ.

ತಾಲೀಮಿನಲ್ಲಿ ಕುಸ್ತಿ ಆಡಿದ ಹುಡುಗರಿಗೆ ಇದು ಹೆಚ್ಚು ಕಷ್ಟ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಸೋತಂತೆ ಎಂದು ಅವರ ಮೈ ಕಲಿತಿರುತ್ತದೆ. ಹಾಗಾಗಿ ಗಾಳಿಯಲ್ಲೇ ತಿರುಗಿ ಕೈ ಊರಿಬಿಡುತ್ತಾರೆ. ಜೂಡೊದಲ್ಲೂ ಬೆನ್ನ ಮೇಲೆ ಬಿದ್ದರೆ ಸೋಲೇ, ಆದರೆ ಸೋಲನ್ನು ಒಪ್ಪಿ ಬೀಳುವುದೇ ಇಲ್ಲಿ ಮೊದಲ ಪಾಠ. ಮೇಷ್ಟ್ರು ಇಂಥವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ತೋಳು ಹಿಡಿದು ನಿಧಾನಕ್ಕೆ ಕೆಳಗಿಳಿಸುತ್ತಾರೆ. ಇಷ್ಟು ಸೂಕ್ಷ್ಮ ಗಮನಿಸುವ ಗುರುಗಳು ಸಿಗುವುದು ಅಪರೂಪ.

ಒಪ್ಪಲಾಗದ್ದು ಒಂದೇ, ಎರಡನೇ ತಿಂಗಳಿಗೇ ಒಸೊತೊಗಾರಿ. ಎದುರಿನವನ ಕಾಲನ್ನು ಹಿಂದಿನಿಂದ ತನ್ನ ಕಾಲಲ್ಲಿ ಬೀಸಿ ಹೊಡೆದು ಅಂಗಾತ ಕೆಡವುವ ಪಟ್ಟು ಅದು. ನೇರ ಹಿಂದಕ್ಕೆ ಬೀಳುವುದರಿಂದ ತಲೆಯ ಹಿಂಭಾಗ ಬಡಿಯಬಹುದು. ಜಪಾನಿನಲ್ಲಿ ಹೊಸಬರ ಗಂಭೀರ ತಲೆಪೆಟ್ಟುಗಳಲ್ಲಿ ಹೆಚ್ಚು ಕಾಣಿಸಿಕೊಂಡಿದ್ದೂ ಇದೇ. ಸೊಂಟದ ಮೇಲೆ ಹೇರಿಕೊಂಡು ಇಳಿಸುವ ಓಗೊಶಿಯನ್ನು ಮೊದಲು ಕಲಿಸಿ, ಒಗೆಯುವವನು ಕೊನೆವರೆಗೂ ಎದುರಿನವನ ತೋಳು ಮೇಲಕ್ಕೆಳೆದು ಹಿಡಿದಿರುವುದು ರೂಢಿಯಾದ ಮೇಲೆ ಒಸೊತೊಗಾರಿಗೆ ಬರಬೇಕು. ಜೋಡಿ ಮಾಡುವಾಗ ತೂಕ ನೋಡುತ್ತಾರೆ, ಅದು ಸಮಾಧಾನ.

ಮದುವೆ ಸೀಜನ್‌ನಲ್ಲಿ ಹಾಲ್ ಸಿಗದೆ ಕ್ಲಾಸು ತಪ್ಪುತ್ತದೆ, ಹೊರಡುವ ಮುಂಚೆ ಫೋನ್ ಮಾಡಿ. ಬಟ್ಟೆಗೆ ಕರಾಟೆ ಡ್ರೆಸ್ ಕೊಳ್ಳಬೇಡಿ. ಕಾಲರ್ ಹಿಡಿದು ಎಳೆದರೆ ಹೊಲಿಗೆ ಹರಿಯುತ್ತದೆ. ನಮ್ಮ ಬಿಸಿಲಿಗೆ 350 ಜಿಎಸ್‌ಎಂನ (ಚದರ ಮೀಟರಿಗೆ 350 ಗ್ರಾಂ ತೂಗುವ) ಹಗುರ ಜೂಡೊ ಬಟ್ಟೆ ಸಾಕು. ಹತ್ತಿಯದಾದ್ದರಿಂದ ಕುಗ್ಗುತ್ತದೆ, ಒಂದು ಅಳತೆ ದೊಡ್ಡದು ತಗೊಳ್ಳಿ. ಬಿಸಿನೀರಿಗೆ ಹಾಕದೆ ತಣ್ಣೀರಲ್ಲೇ ಒಗೆದು ನೆರಳಲ್ಲಿ ಒಣಗಿಸಿ.