ಮೂರು ಹಾಸ್ಯ ಸಂಗೀತ ನಾಟಕ: ನಿಮ್ಮ ತಂಡಕ್ಕೆ ಯಾವುದು?

ಹವ್ಯಾಸಿ ತಂಡಕ್ಕೆ ಇಂಗ್ಲೆಂಡಿನ ಗಿಲ್ಬರ್ಟ್ (ಮಾತು, ಸಾಹಿತ್ಯ)–ಸಲಿವನ್ (ಸಂಗೀತ) ಜೋಡಿಯ ಯಾವ ನಾಟಕ ಎತ್ತಿಕೊಳ್ಳೋದು ಅಂತ ಕೇಳಿದ್ದೀರಿ. ದುಡ್ಡಿನ ಮಾತು ಮೊದಲು ಮುಗಿಸೋಣ. ಸಲಿವನ್ 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ ತೀರಿಕೊಂಡರು. ಮೂಲ ಹಾಡು, ಮಾತು ಯಾವುದಕ್ಕೂ ಈಗ ರಾಯಲ್ಟಿ ಇಲ್ಲ.

ತಾಲೀಮಿಗೆ ಪುರುಸೊತ್ತು ಕಡಿಮೆಯೇ? ‘ಟ್ರಯಲ್ ಬೈ ಜ್ಯೂರಿ’ (1875) ನೋಡಿ. ಒಂದೇ ಅಂಕ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಮಾತೇ ಇಲ್ಲ, ಪೂರ್ತಿ ಹಾಡು. ಹಾಡಲು ಬಾರದ ನಟರು ಸುಮ್ನೆ ಕೂರಬೇಕಾಗುತ್ತದೆ.

ರಂಗಸಜ್ಜಿಕೆಗೆ ‘ಪಿನಫೋರ್’ (1878) ಸಲೀಸು. ಎರಡೂ ಅಂಕ ಹಡಗಿನ ಮೇಲೆಯೇ. ‘ಪೈರೇಟ್ಸ್ ಆಫ್ ಪೆನ್ಜಾನ್ಸ್’ಗೆ (1879) ಕಡಲತೀರವೂ ಬೇಕು, ಪಾಳುಬಿದ್ದ ಚಾಪೆಲ್ (ಪುಟ್ಟ ಚರ್ಚು) ಕೂಡ ಬೇಕು.

ನಿಜವಾದ ಮಜಾ ಪಾತ್ರಗಳಲ್ಲಿದೆ. ಪಿನಫೋರ್‌ನ ಸರ್ ಜೋಸೆಫ್ ಹಡಗು ಹತ್ತದೆಯೇ ನೌಕಾಪಡೆಯ ದೊಡ್ಡ ಸಾಹೇಬನಾದವನು. ನಾವಿಕರಿಗೆ ಸಾಮಾನು ಮಾರುವ ಬಟರ್‌ಕಪ್ ಹಿಂದೆ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಾಗ ಎರಡು ಕೂಸುಗಳನ್ನು ಅದಲುಬದಲು ಮಾಡಿದ್ದಳಂತೆ. ಒಂದು ಈಗ ಕ್ಯಾಪ್ಟನ್, ಇನ್ನೊಂದು ಅವನ ಮಗಳನ್ನು ಪ್ರೀತಿಸುವ ನಾವಿಕ. ಹಾಗಾದರೆ ಹುಡುಗನಿಗೂ ಮಾವನಿಗೂ ಒಂದೇ ವಯಸ್ಸು, ಅಲ್ವಾ? ಯಾರೂ ಕೇಳುವುದಿಲ್ಲ! ನಟನೆಯಲ್ಲಿ ಗಟ್ಟಿ, ಕಂಠದಲ್ಲಿ ಸಾಧಾರಣ ಅನ್ನುವವರು ಜಾಸ್ತಿ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಕ್ಯಾಪ್ಟನ್ ಮಗಳು ಜೋಸೆಫೀನ್‌ಗೆ ಮಾತ್ರ ಒಳ್ಳೆ ಗಾಯಕಿ ಬೇಕು.

ಪೈರೇಟ್ಸ್‌ನ ಫ್ರೆಡರಿಕ್ ಫೆಬ್ರವರಿ 29ರಂದು ಹುಟ್ಟಿದವನು, ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ. ಇಪ್ಪತ್ತೊಂದನೇ ಹುಟ್ಟುಹಬ್ಬದವರೆಗೆ ಕಡಲ್ಗಳ್ಳರ ಬಳಿ ಇರಬೇಕೆಂಬ ಕರಾರು ಅವನ ಕೊರಳಿಗೆ ಉರುಳು. ಅವನ ಪ್ರೇಯಸಿ ಮೇಬಲ್‌ಗೆ ಮೇಲಿನ ಸ್ವರಗಳಲ್ಲಿ ಸರಾಗವಾಗಿ ಓಡುವ ಗಂಟಲು ಬೇಕು, ಅವಳಪ್ಪ ಮೇಜರ್ ಜನರಲ್‌ಗೆ ಓಡುವ ನಾಲಿಗೆ. ಕಳ್ಳರಿಗೊಂದು ಮೇಳ, ಪೊಲೀಸರಿಗೊಂದು. ಗಂಡಸರು ಸಾಕಷ್ಟು ಸಿಗುವ ತಂಡವಾದರೆ ಮಾತ್ರ ಇದಕ್ಕೆ ಕೈಹಾಕಿ.