ನೀಲಿ ಬಾಯಿಯ ಗಿಡದ ಬೀಜ ಕೊಳ್ಳಬೇಡಿ

ಹುಳ ಹಿಡಿಯುವ ಗಿಡದ ಬೀಜವನ್ನು ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದ್ದರೆ, ಇದನ್ನು ಓದಿ ಆಮೇಲೆ ದುಡ್ಡು ಕಟ್ಟಿ.

ಐದನೇ ಕ್ಲಾಸಿನ ಮಗಳು ವೀನಸ್ ಫ್ಲೈಟ್ರ್ಯಾಪ್ (ಬಾಯಿಯ ಹಾಗೆ ಮುಚ್ಚುವ ಎಲೆಯಲ್ಲಿ ಹುಳ ಹಿಡಿಯುವ ಗಿಡ) ಬೇಕೇ ಬೇಕು ಅಂತ ಹಟ ಹಿಡಿದಿದ್ದಳು. ಒಂದು ಕಡೆ 20 ಬೀಜಕ್ಕೆ 299 ರೂಪಾಯಿ ಅಂತ ಕಂಡಿತು. ಫೋಟೋದಲ್ಲಿ ನೀಲಿ ಬಾಯಿ ತೆರೆದ ಗಿಡಗಳು. ಆ ಬಣ್ಣ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಈ ಗಿಡದಲ್ಲಿ ಹಸಿರು, ಕೆಂಪು ಉಂಟು. ನೀಲಿ ಇಲ್ಲವೇ ಇಲ್ಲ.

ಬಂದ ಬೀಜ ಚಪ್ಪಟೆ, ತಿಳಿ ಕಂದು, ಮೇಲೆ ಸಣ್ಣ ರೋಮ. ಎಂಟನೇ ದಿನಕ್ಕೆ ಮೊಳಕೆ ಬಂತು. ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಕೂಡ ಇಳಿಸದೆ ಬಾಲ್ಕನಿಗೆ ಓಡುತ್ತಿದ್ದಳು. ಸತ್ತ ಇರುವೆ ಹುಡುಕಿ ತಂದು ಎಲೆ ಮೇಲೆ ಇಡುತ್ತಿದ್ದಳು. ತಿಂಗಳಾದ ಮೇಲೆ ನಮ್ಮತ್ತೆ ಒಂದು ಎಲೆ ಉಜ್ಜಿ ಮೂಸಿ, "ಇದು ಟೊಮೆಟೊ ಕಣಮ್ಮ" ಅಂದರು. ಅವತ್ತು ಮಗಳು ಊಟ ಮಾಡಲಿಲ್ಲ.

ದೂರು ಕೊಡೋಣ ಅಂದರೆ ವಾಪಸ್ ಮಾಡುವ 10 ದಿನ ಮುಗಿದುಹೋಗಿತ್ತು. ಮೋಸ ನಡೆಯುವುದೇ ಇಲ್ಲಿ. ಬೀಜ ಯಾವುದು ಅಂತ ಗಿಡ ತೋರಿಸುವ ಹೊತ್ತಿಗೆ ಗಡುವು ದಾಟಿರುತ್ತದೆ.

ಆದ್ದರಿಂದ ಪೊಟ್ಟಣ ಬಿಚ್ಚಿದ ದಿನವೇ ಬೀಜ ನೋಡಿ. ಫ್ಲೈಟ್ರ್ಯಾಪ್ ಬೀಜ ಕಪ್ಪಗೆ ಮಿರಮಿರ ಹೊಳೆಯುತ್ತದೆ, ಸಣ್ಣ ಸಾಸಿವೆ ಕಾಳಿನಷ್ಟು, ಒಂದು ತುದಿ ಚೂಪು. ಎಲೆಯ ಅಂಟಿನಲ್ಲಿ ಹುಳ ಹಿಡಿಯುವ ಡ್ರಾಸೆರಾ ಗಿಡದ ಬೀಜ ಧೂಳಿನ ಹಾಗೆ. ಹೂಜಿಯಂಥ ಎಲೆಯಲ್ಲಿ ಹುಳ ಬೀಳಿಸುವ ನೆಪೆಂಥಿಸ್ ಗಿಡದ್ದು ಸಣ್ಣ ನಾರಿನ ಎಳೆಯ ಹಾಗೆ, ಹಳೆಯದಾದರೆ ಮೊಳೆಯುವುದೂ ಇಲ್ಲ. ಇನ್ನೊಂದು ಗುರುತು: ಫ್ಲೈಟ್ರ್ಯಾಪ್ ಮೊಳಕೆಯಲ್ಲಿ ಬೀಜದೆಲೆ ಆದ ಮೇಲೆ ಬರುವ ಮೊದಲ ಎಲೆಗೇ ಪುಟ್ಟ ಬಾಯಿ ಇರುತ್ತದೆ.

ಇಷ್ಟು ಗೊತ್ತಾದದ್ದು ಈ ಗಿಡ ಬೆಳೆಸುವ ಒಬ್ಬರ ಪರಿಚಯವಾದ ಮೇಲೆ. ಅವರು ತಮ್ಮ ಗಿಡದ್ದೇ 12 ಬೀಜ ಕೊಟ್ಟರು. ಮಣ್ಣಲ್ಲಿ ಹೂಳದೆ, ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮೇಲೆ ಸುಮ್ನೆ ಉದುರಿಸಿದೆವು. ಮೂರು ವಾರಕ್ಕೆ ಎಂಟು ಮೊಳೆತವು, ಒಂದೊಂದರಲ್ಲೂ ಗುಂಡುಸೂಜಿ ತಲೆಯಷ್ಟು ಬಾಯಿ! ಅವನ್ನು ಕೊಂದದ್ದು ನಾನೇ. ಕೂಡಿಟ್ಟ ಮಳೆನೀರು ಮುಗಿದಾಗ ಬೋರ್‌ವೆಲ್ ನೀರು ಹಾಕಿದೆ. ಜಾಸ್ತಿ ಬೆಳೆಯಲಿ ಅಂತ ಚಿಟಿಕೆ ಎರೆಗೊಬ್ಬರವನ್ನೂ ಉದುರಿಸಿದೆ. ಮಾಸ್ ಮೇಲೆ ಬಿಳಿ ಪದರ ಕಟ್ಟಿತು, ಎಲೆ ಅಂಚು ಕಪ್ಪಾಯಿತು, ಆರು ಸತ್ತವು. ಆಮೇಲೆ ಅಳೆದು ನೋಡಿದರೆ ನಮ್ಮ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) 600 ದಾಟಿತ್ತು. ಇವಕ್ಕೆ 50ರ ಒಳಗೇ ಬೇಕು.

ಫ್ಲೈಟ್ರ್ಯಾಪ್‌ನ ತವರು ಅಮೆರಿಕದ ಕ್ಯಾರೊಲಿನಾ ರಾಜ್ಯಗಳ ಜೌಗು ನೆಲ. ಅಲ್ಲಿ ಮಣ್ಣಲ್ಲಿ ಸಾರವೇ ಇಲ್ಲ, ಅದಕ್ಕೇ ಅದು ಹುಳ ಹಿಡಿಯುವುದು. ನಾವು ಪ್ರೀತಿಯಿಂದ ಹಾಕುವ ಗೊಬ್ಬರ, ಉಪ್ಪಿನಂಶದ ನೀರು ಅದರ ಬೇರಿಗೆ ವಿಷ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವವರು ಮಳೆನೀರಿನಲ್ಲಿ ಹಲವು ಸಲ ತೊಳೆದೇ ಬಳಸಿ, ಅದರಲ್ಲೂ ಉಪ್ಪಿರುತ್ತದೆ.

ಉಳಿದ ಎರಡು ಸಸಿಗೆ ಈಗ ಮಳೆನೀರಿನ ಕ್ಯಾನ್ ಬೇರೆಯೇ ಇಟ್ಟಿದ್ದೇವೆ. ದೊಡ್ಡದಾಗಲು ಇನ್ನೂ ಮೂರ್ನಾಲ್ಕು ವರ್ಷ ಬೇಕು ಅಂತ ಮಗಳಿಗೆ ಹೇಳಿದ್ದೇನೆ. ನೀವು ಕೊಳ್ಳುವ ಮುಂಚೆ, ಬೀಜವನ್ನು ಒಂದು ರೂಪಾಯಿ ನಾಣ್ಯದ ಪಕ್ಕ ಇಟ್ಟು ಫೋಟೋ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.