ಗಿಂಪ್ ಜೊತೆ ನಾಲ್ಕು ಮಳೆಗಾಲ: ಬ್ಲರ್ ಕಲಿತದ್ದು, ಮಂಜು ಹಾಕಿ ಸಿಕ್ಕಿಬಿದ್ದದ್ದು

ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ಅಕ್ಕ-ಭಾವನದು ಒಂದು ಸಣ್ಣ ಹೋಂಸ್ಟೇ. ಮೂರು ರೂಮು, ಸುತ್ತ ಕಾಫಿ ತೋಟ. ಅದರ ಫೋಟೋ ಕೆಲಸ ನನ್ನ ತಲೆಗೆ ಬಿದ್ದದ್ದು 2022ರ ಮಳೆಗಾಲದಲ್ಲಿ. ತಿಂಗಳು ತಿಂಗಳು ದುಡ್ಡು ಕಟ್ಟುವ ಸಾಫ್ಟ್‌ವೇರ್ ಬೇಡ ಎಂದು ಭಾವ ಮೊದಲೇ ಹೇಳಿದ್ದರು. ಹಾಗಾಗಿ ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು, ಇವತ್ತಿಗೂ ಪುಕ್ಕಟೆ. ಮೂವತ್ತು ದಿನ ಆದಮೇಲೆ ಬಾಗಿಲು ಹಾಕುವುದಿಲ್ಲ, ಫೋಟೋ ಮೇಲೆ ತನ್ನ ಮುದ್ರೆ ಒತ್ತುವುದಿಲ್ಲ.

ನನಗೆ ಬೇಕಿದ್ದದ್ದು ಎರಡೇ. ಹಿಂದಿನ ಬೇಡದ ಸಾಮಾನು ಮಸುಕಾಗಬೇಕು, ಎರಡು ಫೋಟೋ ಗೊತ್ತಾಗದ ಹಾಗೆ ಬೆರೆಯಬೇಕು. ಒಂದು ವಾರದ ಕೆಲಸ ಅಂದುಕೊಂಡಿದ್ದೆ.

ಮೊದಲ ದೊಡ್ಡ ಸೋಲು ಕಾಫಿ ಹೂವಿನ ಫೋಟೋದಲ್ಲಿ. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗಿತ್ತು. ಒಳ್ಳೆಯ ರೆಂಬೆ ಸಿಕ್ಕಿತು, ಹಿಂದೆ ಮಾತ್ರ ನೀಲಿ ಟಾರ್ಪಾಲು. ರೆಂಬೆ ಬಿಟ್ಟು ಉಳಿದದ್ದನ್ನು ಸೆಲೆಕ್ಟ್ ಮಾಡಿ, ಮಸುಕು ಮಾಡುವ ಗಾಸಿಯನ್ ಬ್ಲರ್ ಕೊಟ್ಟೆ. ಟಾರ್ಪಾಲು ಮಾಯವಾಯಿತು. ಆದರೆ ಹೂವಿನ ಸುತ್ತ ಬಿಳಿ ಪ್ರಭಾವಳಿ! ದೇವರ ಕ್ಯಾಲೆಂಡರ್ ಇದ್ದ ಹಾಗೆ ಇದೆ ಎಂದಳು ಅಕ್ಕ.

ಕಾರಣ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಬ್ಲರ್ ಅಂದರೆ ಪ್ರತಿ ಚುಕ್ಕಿಗೂ ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಸೇರಿಸಿ ಸರಾಸರಿ ತೆಗೆಯುವುದು. ಗಾಸಿಯನ್‌ನಲ್ಲಿ ಹತ್ತಿರದ ಚುಕ್ಕಿಗೆ ಪಾಲು ಜಾಸ್ತಿ, ದೂರದ್ದಕ್ಕೆ ಕಮ್ಮಿ. ಹೂವಿನ ಪಕ್ಕದ ಎಲೆಗೆ ಹೂವಿನ ಬಿಳಿಯೂ ಪಾಲಿಗೆ ಬಂದಿತ್ತು, ಅಷ್ಟೇ. ಈಗ ಹೀಗೆ ಮಾಡುತ್ತೇನೆ. ಫೋಟೋದ ಲೇಯರನ್ನು, ಅಂದರೆ ಒಂದರ ಮೇಲೊಂದು ಇಡುವ ಪದರವನ್ನು, ನಕಲು ಮಾಡುತ್ತೇನೆ. ಕೆಳಗಿನ ಲೇಯರಿನಲ್ಲಿ ಹೂವಿನ ಮೇಲೆ, ಒಂದು ಕಡೆಯದನ್ನು ಇನ್ನೊಂದು ಕಡೆ ನಕಲಿಸುವ ಕ್ಲೋನ್ ಟೂಲಿನಿಂದ ಎಲೆ ಬಳಿದು ಹೂವನ್ನೇ ಮುಚ್ಚುತ್ತೇನೆ. ನಾಜೂಕು ಬೇಡ, ಹೇಗಿದ್ದರೂ ಮಸುಕಾಗುವುದೇ. ಅದಕ್ಕೆ ಬ್ಲರ್. ಮೇಲಿನ ಲೇಯರಿಗೆ ಮಾಸ್ಕ್ (ಬೇಡದ ಭಾಗ ಮರೆಮಾಡುವ ಮುಸುಕು) ಹಾಕಿ ಹೂವನ್ನು ಮಾತ್ರ ಉಳಿಸುತ್ತೇನೆ. ಪ್ರಭಾವಳಿ ಹೋಯಿತು.

ಅಷ್ಟಾದರೂ ಫೋಟೋ ಸರಿ ಕಾಣಲಿಲ್ಲ. ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ಮಸುಕು ಮಾಡುವುದಿಲ್ಲ ಅಲ್ವಾ? ಗಿಡದ ಬುಡದ ನೆಲ ಸ್ಪಷ್ಟವಾಗಿರುತ್ತದೆ, ಹಿಂದೆ ಹೋದಂತೆ ಕರಗುತ್ತದೆ. ಅದಕ್ಕೆ ಆ ಮಾಸ್ಕಿನಲ್ಲೇ ನೆಲದ ಭಾಗಕ್ಕೆ ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ತಿರುಗುವ ಗ್ರೇಡಿಯಂಟ್ ಎಳೆಯಬೇಕು. ಬಿಳಿ ಇದ್ದಲ್ಲಿ ಮೇಲಿನ ಲೇಯರ್ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ, ಬೂದು ಬಣ್ಣ ಇದ್ದಲ್ಲಿ ಅರ್ಧಂಬರ್ಧ. ಇಷ್ಟು ಅರ್ಥವಾದರೆ ಗಿಂಪ್‌ನಲ್ಲಿ ಬೆರೆಸುವ ಕೆಲಸದ ಮುಕ್ಕಾಲು ಪಾಲು ಬಂದಂತೆ. ನನ್ನ ತಪ್ಪು ಏನಿತ್ತೆಂದರೆ, ಮಾಸ್ಕ್ ಮೇಲೆ ಕ್ಲಿಕ್ ಮಾಡದೆ ಫೋಟೋ ಮೇಲೆಯೇ ಕಪ್ಪು ಬಳಿಯುತ್ತಿದ್ದೆ. ಲೇಯರಿನ ಅಂಚಿನ ಗೆರೆ ಹಸಿರಾಗಿದ್ದರೆ ನೀವು ಮಾಸ್ಕಿನಲ್ಲಿದ್ದೀರಿ, ಹಳದಿ ಇದ್ದರೆ ಫೋಟೋದಲ್ಲಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಇನ್ನೊಂದು ಸಣ್ಣ ಸಂಗತಿ. ಬ್ಲರ್ ಆದ ಜಾಗ ಪ್ಲಾಸ್ಟಿಕ್ ಹಾಳೆಯಂತೆ ನುಣ್ಣಗಾಗುತ್ತದೆ. ಮೊಬೈಲ್ ಫೋಟೋದ ಉಳಿದ ಭಾಗದಲ್ಲಿ ರವೆ ರವೆ ಇರುತ್ತದೆ. ಮಸುಕು ಜಾಗಕ್ಕೂ ಅಂಥದ್ದೇ ರವೆ, ಅಂದರೆ ಚಿಟಿಕೆ ನಾಯ್ಸ್ ಸೇರಿಸಿದರೆ ಎರಡೂ ಒಂದೇ ಫೋಟೋದವು ಅನ್ನಿಸುತ್ತದೆ. ಆಕಾಶದಲ್ಲಿ ಪಟ್ಟೆ ಪಟ್ಟೆ ಎದ್ದರೆ ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 8 ಬಿಟ್ ಬದಲು 16 ಬಿಟ್ (ಆಗ ಬಣ್ಣದ ಛಾಯೆಗಳು ಹೆಚ್ಚು ಸಿಗುತ್ತವೆ) ಮಾಡಿಕೊಂಡು ಕೆಲಸ ಶುರು ಮಾಡಿ.

ಸ್ಮಡ್ಜ್ ಟೂಲ್ ಬಗ್ಗೆ ನನಗೆ ಸದಭಿಪ್ರಾಯ ಇಲ್ಲ. ಹೊಸಬರೆಲ್ಲ ಬೆರೆಸುವುದು ಅಂದರೆ ಅದೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಒದ್ದೆ ಗೋಡೆ ಮೇಲೆ ಬೆರಳು ಎಳೆದ ಹಾಗೆ ಆಗುತ್ತದೆ. ಕಾಫಿ ಲೋಟದ ಹಬೆಗೆ ಮಾತ್ರ ಅದಕ್ಕೆ ಸಮ ಇಲ್ಲ. ಮೆತ್ತನೆ ಬ್ರಷ್‌ನಲ್ಲಿ ಬಿಳಿ ಗೆರೆ, ಸ್ಮಡ್ಜ್‌ನಲ್ಲಿ ಮೇಲಕ್ಕೆ ಎರಡು ಎಳೆತ, ಕೊನೆಗೆ ಸ್ವಲ್ಪ ಗಾಸಿಯನ್. ಸೆಲೆಕ್ಟಿವ್ ಗಾಸಿಯನ್ ಬ್ಲರ್ ಬೇರೆ ಥರ. ಬಣ್ಣ ಹತ್ತಿರ ಹತ್ತಿರ ಇರುವ ಕಡೆ ಮಾತ್ರ ಮಸುಕು ಮಾಡಿ ಅಂಚನ್ನು ಬಿಡುತ್ತದೆ. ಪಾಚಿ ಹಿಡಿದ ಹಳೇ ಗೋಡೆ ಚೆಂದ ಮಾಡಲು ಒಳ್ಳೆಯದು, ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಗೋಡೆಗಳ ಸ್ಥಿತಿ ನಿಮಗೇ ಗೊತ್ತು.

ಬೇಸರದ ವಿಷಯಗಳೂ ಇವೆ. ಸೇವ್ ಒತ್ತಿದರೆ ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ, ಜೆಪೆಗ್ ಬೇಕೆಂದರೆ ಎಕ್ಸ್‌ಪೋರ್ಟ್ ಮಾಡಬೇಕು. ಇದು ಗೊತ್ತಿಲ್ಲದೆ ಅಕ್ಕನ ವಾಟ್ಸಾಪಿಗೆ ಎಕ್ಸ್‌ಸಿಎಫ್ ಕಳಿಸಿ, ತೆರೆಯುತ್ತಿಲ್ಲ ಎಂದು ಬೈಸಿಕೊಂಡಿದ್ದೇನೆ. ತಾನಾಗಿ ಸೇವ್ ಆಗುವ ಏರ್ಪಾಡೂ ಇಲ್ಲ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಇಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಒಂದು ಸಂಜೆ ಮೂರು ಗಂಟೆಯ ಕೆಲಸ ಹೋಯಿತು. ತಪ್ಪು ನನ್ನದೇ. ಈಗ ಕೈ ಸುಮ್ನೆ ಕಂಟ್ರೋಲ್ ಎಸ್ ಒತ್ತುತ್ತಲೇ ಇರುತ್ತದೆ.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಆವೃತ್ತಿ ನನ್ನ ಅಭ್ಯಾಸವನ್ನೇ ಬದಲಾಯಿಸಿತು. ಮೊದಲು ಬ್ಲರ್ ಕೊಟ್ಟು ಫೈಲ್ ಮುಚ್ಚಿದರೆ ಮುಗಿಯಿತು, ಹಿಂದೆ ಹೋಗುವಂತಿರಲಿಲ್ಲ. ಈಗ ಬ್ಲರ್ ಲೇಯರಿನ ಜೊತೆ ಪ್ರತ್ಯೇಕವಾಗಿ ಉಳಿಯುತ್ತದೆ. ನಾಳೆ ತೆರೆದು ಮಸುಕಿನ ಅಳತೆ 20 ಇದ್ದದ್ದನ್ನು 8 ಮಾಡಬಹುದು, ಬೇಡವೆಂದರೆ ತೆಗೆದೇ ಬಿಡಬಹುದು. ನನ್ನಂಥ ಅಳುಕಿನವರಿಗೆ ಇದು ದೊಡ್ಡ ಉಪಕಾರ. ಹಳೇ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೋಟೋ ಹಾಕಿದರೆ ಮಾತ್ರ ಏದುಸಿರು ಬಿಡುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಸೇವ್ ವಿಷಯಕ್ಕೆ.

ಇನ್ನು ಮಂಜಿನ ಕಥೆ. ಹೊಸ ಲೇಯರಿನಲ್ಲಿ ಮೋಡದಂಥ ಕಪ್ಪು-ಬಿಳಿ ಸಾಲಿಡ್ ನಾಯ್ಸ್ ಹಾಕಿ, ಲೇಯರ್ ಬೆರೆಯುವ ಮೋಡ್ ಅನ್ನು ಸ್ಕ್ರೀನ್ ಮಾಡಿದರೆ ಕಪ್ಪೆಲ್ಲ ಮಾಯವಾಗಿ ಬಿಳಿ ಮಾತ್ರ ತೇಲುತ್ತದೆ. ಅಡ್ಡಕ್ಕೆ ಎಳೆದು, ಬ್ಲರ್ ಕೊಟ್ಟು, ಹತ್ತಿರದ ಸಿಲ್ವರ್ ಓಕ್ ಮರಗಳ ಮೇಲಿಂದ ಮಾಸ್ಕಿನಲ್ಲಿ ಒರೆಸಿ ತೆಗೆಯಬೇಕು. ದೂರದ ಬೆಟ್ಟಕ್ಕೆ ಜಾಸ್ತಿ, ಹತ್ತಿರದ್ದಕ್ಕೆ ಕಮ್ಮಿ. ನಮ್ಮ ಜಗಲಿಯಲ್ಲಿ ನಿಂತರೆ ಮಂಜು ಹಾಗೇ ಕೂರುವುದು. ಅಷ್ಟು ಚೆನ್ನಾಗಿ ಬಂತೆಂದರೆ ಭಾವ ಅದನ್ನೇ ಮೊದಲ ಫೋಟೋ ಮಾಡಿಬಿಟ್ಟರು.

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಒಂದು ಸಂಸಾರ ಬಂತು. ಬಿರುಬಿಸಿಲು, ನೀಲಿ ಆಕಾಶ. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಜಗಲಿಯಲ್ಲಿ ಕೂತರು. ಎರಡನೇ ದಿನವೂ ಕೂತರು. ಆಮೇಲೆ ಮೊಬೈಲ್ ಹಿಡಿದು ಬಂದು, “ಈ ಮಂಜು ಎಷ್ಟು ಗಂಟೆಗೆ ಬರುತ್ತೆ ಅಕ್ಕಾ?” ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಆ ಲೇಯರ್ ಈಗಲೂ ಫೈಲಿನಲ್ಲಿದೆ, ಕಣ್ಣಿನ ಗುರುತು ತೆಗೆದು ಮುಚ್ಚಿಟ್ಟಿದ್ದೇನೆ. ಈಗ ಹಾಕಿರುವುದು ಜುಲೈನಲ್ಲಿ ತೆಗೆದ ನಿಜವಾದ ಮಂಜಿನ ಫೋಟೋ, ಕೆಳಗೆ ತಿಂಗಳ ಹೆಸರನ್ನೂ ಬರೆದಿದ್ದೇನೆ. ಪಕ್ಕದಲ್ಲಿ ಒಂದು ಜಿಗಣೆಯ ಫೋಟೋನೂ ಹಾಕು ಎಂದು ಭಾವ ರೇಗಿಸುತ್ತಾರೆ.